ಕಾಗದದ ಟ್ಯಾಂಕಿಗೆ ದೂಳು, ಕೆಸರು, ತುಕ್ಕು: ಮಲೆನಾಡಿನ ಹವೆಯಲ್ಲಿ ವೆದರಿಂಗ್

ವೆದರಿಂಗ್, ಅಂದರೆ ಹೊಸ ಮಾದರಿಯನ್ನು ಓಡಿ ಸವೆದ ಗಾಡಿಯಂತೆ ಕಾಣಿಸುವ ಕೆಲಸ, ಕಲಿಸುವ ವಿಡಿಯೊಗಳಲ್ಲಿ ಹೆಚ್ಚಿನವು ಪ್ಲಾಸ್ಟಿಕ್ ಕಿಟ್ ಇಟ್ಟುಕೊಂಡು ಮಾಡಿದವು. ಅಲ್ಲಿ ತೋರಿಸಿದ್ದನ್ನು ಕಾಗದದ ಟ್ಯಾಂಕಿನ ಮೇಲೆ ಹಾಗೇ ಮಾಡಿದರೆ ಮಡ್‌ಗಾರ್ಡ್ ಸೊಟ್ಟಗಾಗುತ್ತದೆ, ಟರೆಟ್ಟಿನ (ಫಿರಂಗಿ ಹೊತ್ತು ತಿರುಗುವ ಮೇಲ್ಭಾಗದ) ಹಸಿರು ಕದಡುತ್ತದೆ, ಅಂಟಿಸಿದ ಸಂದುಗಳು ಬಾಯಿ ಬಿಡುತ್ತವೆ. ಪ್ಲಾಸ್ಟಿಕ್ ನೀರು ಕುಡಿಯುವುದಿಲ್ಲ, ಕಾಗದ ಕುಡಿಯುತ್ತದೆ. ಇನ್ನೊಂದು ವಿಷಯ, ಕಾಗದದ ಮಾದರಿಗೆ ಬಣ್ಣ ಅಚ್ಚಾಗಿಯೇ ಬಂದಿರುತ್ತದೆ. ಹಾಗಾಗಿ ಇಲ್ಲಿ ಹೊಸದಾಗಿ ಹಚ್ಚುವ ಕೆಲಸ ಕಮ್ಮಿ, ಅಚ್ಚಿನ ಸಪಾಟುತನವನ್ನು ಮುರಿಯುವ ಕೆಲಸವೇ ಹೆಚ್ಚು. ಪುಡಿ, ಪೆನ್ಸಿಲ್‌ಗಳಲ್ಲಿ ಆಗುವುದನ್ನು ಅವುಗಳಲ್ಲೇ ಮುಗಿಸಬೇಕು. ದ್ರವ ಬೇಕೇ ಬೇಕೆಂಬಲ್ಲಿ ವಾರ್ನಿಶ್ ಮರೆಯಲ್ಲಿ, ಕಮ್ಮಿ ಬಳಸಬೇಕು. ಶಿವಮೊಗ್ಗದಿಂದ ಪಶ್ಚಿಮಕ್ಕೆ ಹೋದಂತೆ ಇದಕ್ಕೊಂದು ಷರತ್ತು ಸೇರಿಕೊಳ್ಳುತ್ತದೆ: ವರ್ಷದಲ್ಲಿ ನಾಲ್ಕು ತಿಂಗಳು ಗಾಳಿಯೇ ಒದ್ದೆ.

ಪೋಲೆಂಡಿನ ಪ್ರಕಾಶಕರು ದಶಕಗಳಿಂದ ಕಾಗದದ ಟ್ಯಾಂಕುಗಳನ್ನು 1:25 ಅಳತೆಯಲ್ಲಿ ಅಚ್ಚು ಹಾಕುತ್ತ ಬಂದಿದ್ದಾರೆ. ಈ ಲೇಖನದ ಲೆಕ್ಕಗಳೂ ಅದಕ್ಕೇ. ಮಾದರಿಯ 1 ಮಿ.ಮೀ. ಎಂದರೆ ಅಸಲಿ ಗಾಡಿಯ 25 ಮಿ.ಮೀ. ಈ ಗುಣಾಕಾರ ಸದಾ ತಲೆಯಲ್ಲಿದ್ದರೆ ವೆದರಿಂಗ್‌ನ ಅರ್ಧ ತಪ್ಪುಗಳು ಆಗುವುದೇ ಇಲ್ಲ.

ಮೊದಲು ಪ್ರಿಂಟರ್ ಯಾವುದು ಅಂತ ನೋಡಿ

ಮನೆಯ ಇಂಕ್‌ಜೆಟ್ಟಿನಲ್ಲಿ ತೆಗೆದ ಹಾಳೆಯೂ ದುರ್ಗಿಗುಡಿಯ ಜೆರಾಕ್ಸ್ ಅಂಗಡಿಯಲ್ಲಿ ತೆಗೆಸಿದ ಹಾಳೆಯೂ ಕಣ್ಣಿಗೆ ಒಂದೇ ಥರ ಕಂಡರೂ ಸ್ವಭಾವ ತದ್ವಿರುದ್ಧ. ಇಂಕ್‌ಜೆಟ್‌ಗಳಲ್ಲಿ ಡೈ ಶಾಯಿಯವು ನೀರಿಗೂ ಸ್ಪಿರಿಟ್ಟಿಗೂ ಕರಗುತ್ತವೆ. ಪಿಗ್ಮೆಂಟ್ ಶಾಯಿ ಅಷ್ಟು ಸುಲಭವಾಗಿ ಜಗ್ಗುವುದಿಲ್ಲ. ಹಾಳೆಯ ಮೂಲೆಯಲ್ಲಿರುವ ಬಣ್ಣದ ಚೂರಿನ ಮೇಲೆ ಒದ್ದೆ ಇಯರ್‌ಬಡ್ ಒಮ್ಮೆ ಎಳೆದರೆ ಯಾವುದೆಂದು ಗೊತ್ತಾಗುತ್ತದೆ. ಜೆರಾಕ್ಸ್ ಅಂಗಡಿಯ ಲೇಸರ್ ಯಂತ್ರದ ಟೋನರ್ ಕರಗಿ ಅಂಟಿಕೊಂಡ ಪ್ಲಾಸ್ಟಿಕ್ ಪುಡಿ. ಅದಕ್ಕೆ ನೀರಿನ ಭಯವಿಲ್ಲ. ಆದರೆ ಅಸಿಟೋನ್, ಎನ್‌ಸಿ ಥಿನ್ನರ್ ತಾಗಿದರೆ ಕರಗಿ ಹರಡುತ್ತದೆ, ಮಡಿಕೆಯಲ್ಲಿ ಸಿಡಿದು ಬಿಳಿ ಗೆರೆ ಬಿಡುತ್ತದೆ. ಲೇಸರ್ ಹಾಳೆಯನ್ನು ಮಡಿಸುವ ಮುಂಚೆ ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಹಿಂಬದಿಗೆ ಗೆರೆ ಒತ್ತಿಕೊಳ್ಳಿ. ಎದುರು ಬದಿಗೆ ಬ್ಲೇಡ್ ಹಾಕಿದರೆ ಟೋನರ್ ಚಕ್ಕೆ ಏಳುತ್ತದೆ.

ಎಲ್ಲ ಹಾಳೆಗಳನ್ನೂ ಒಂದೇ ಸಲ ತೆಗೆಸಿಬಿಡಿ. ಯಂತ್ರದೊಳಗಿನ ಶಾಖಕ್ಕೆ ಹಾಳೆ ಒಣಗಿ ಕುಗ್ಗುತ್ತದೆ, ಹೊರಗೆ ಬಂದು ತೇವ ಹೀರಿ ಮತ್ತೆ ಹಿಗ್ಗುತ್ತದೆ. ಇವತ್ತು ತೆಗೆದ ಹಲ್‌ಗೂ (ಟ್ಯಾಂಕಿನ ಕೆಳಮೈಗೂ) ಮುಂದಿನ ವಾರ ತೆಗೆದ ಟರೆಟ್‌ಗೂ ಅಳತೆಯಲ್ಲಿ ಕೂದಲೆಳೆಯ ವ್ಯತ್ಯಾಸ ಬೀಳಬಹುದು, ಬಣ್ಣದ ಹದವೂ ಬೇರೆಯಾಗಬಹುದು. ಮೈಗೆ 160ರಿಂದ 200 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಗುವ) ಮ್ಯಾಟ್ ಕಾಗದ, ಸಣ್ಣ ಕೊಳವೆಗಳಿಗೆ 80 ಜಿಎಸ್‌ಎಂ, ಒಳಗಿನ ಅಸ್ಥಿಪಂಜರಕ್ಕೆ 1 ಮಿ.ಮೀ. ರಟ್ಟು ಸಾಕು.

ನಾರಿನ ದಿಕ್ಕನ್ನು ಗಮನಿಸುವವರು ಕಡಿಮೆ. ಒದ್ದೆಯಾದಾಗ ಕಾಗದದ ನಾರು ಉದ್ದಕ್ಕಿಂತ ಅಗಲಕ್ಕೆ ಹೆಚ್ಚು ಉಬ್ಬುತ್ತದೆ. ಉದ್ದನೆಯ ಮಡ್‌ಗಾರ್ಡ್ ಪಟ್ಟಿಯನ್ನು ನಾರಿಗೆ ಅಡ್ಡಲಾಗಿ ಕತ್ತರಿಸಿದ್ದರೆ ನೀರು ಬೆರೆಸಿದ ಮೊದಲ ವಾಶ್‌ಗೇ (ತೆಳು ಬಣ್ಣಕ್ಕೇ) ಅಲೆ ಏಳುತ್ತದೆ. ಒಂದು ಚೂರು ಹರಿದು ನೋಡಿ. ನೇರವಾಗಿ ಹರಿದ ದಿಕ್ಕೇ ನಾರಿನ ದಿಕ್ಕು.

ವಾರ್ನಿಶ್: ದೀಪಾವಳಿ ಕಳೆದ ಮೇಲೆ

ಡೈ ಶಾಯಿಯ ಹಾಳೆಯನ್ನು 24 ಗಂಟೆ ಒಣಗಲು ಬಿಟ್ಟು, ಕತ್ತರಿಸುವ ಮುಂಚೆಯೇ ಮ್ಯಾಟ್ ಅಕ್ರಿಲಿಕ್ ಸ್ಪ್ರೇ ಹೊಡೆಯಬೇಕು. ಡಬ್ಬಿ 25ರಿಂದ 30 ಸೆಂ.ಮೀ. ದೂರದಲ್ಲಿರಲಿ. ಹಾಳೆಯ ಆಚೆ ಶುರು ಮಾಡಿ ಆಚೆಯೇ ಮುಗಿಸಿ. ಮೊದಲ ಕೋಟು ಬರೀ ಮಂಜಿನಂತೆ ಕೂರಬೇಕು. ಒದ್ದೆಯಾಗಿ ಹೊಳೆಯಿತೆಂದರೆ ಜಾಸ್ತಿಯಾಯಿತು, ಅದರಲ್ಲೂ ಟೋನರ್ ಹಾಳೆಗೆ. 15-20 ನಿಮಿಷ ಬಿಟ್ಟು ಎರಡನೆಯದು, ಮತ್ತೆ ಅಷ್ಟೇ ಬಿಟ್ಟು ಮೂರನೆಯದು. ಒಂದೇ ಬದಿಗೆ ಹೊಡೆದ ಹಾಳೆ ಸುರುಳಿಯಾಗುತ್ತದೆ. ಕೈಗೆ ಅಂಟದಷ್ಟು ಒಣಗಿದ ಮೇಲೆ ಬಟರ್ ಪೇಪರ್ ಮುಚ್ಚಿ ದಪ್ಪ ಪುಸ್ತಕಗಳ ಕೆಳಗೆ ರಾತ್ರಿಯಿಡೀ ಇಡಿ. ವಾರ್ನಿಶ್ ಕುಡಿದ ಮೈಗೆ ಫೆವಿಕಾಲ್ ಸರಿಯಾಗಿ ಹಿಡಿಯುವುದಿಲ್ಲ, ಅದಕ್ಕೇ ಅಂಟುಪಟ್ಟಿಗಳ ಮೇಲ್ಮೈಯನ್ನು ಬ್ಲೇಡಿನ ಬೆನ್ನಿನಿಂದ ಹಗುರಾಗಿ ಕೆರೆದುಕೊಳ್ಳಬೇಕು.

ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿ.ಮೀ. ದಾಟುತ್ತದೆ. ತೀರ್ಥಹಳ್ಳಿ, ಹೊಸನಗರದ ಕಡೆ ಆಷಾಢದಲ್ಲಿ ಸ್ಪ್ರೇ ಹೊಡೆದರೆ ಮಾದರಿ ಮೇಲೆ ಬೂದು ಮುಸುಕು ಕೂರುತ್ತದೆ. ದ್ರಾವಕ ಬೇಗ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲೇ ಹನಿಗಟ್ಟಿ ವಾರ್ನಿಶ್ ಪದರದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಕಡು ಹಸಿರಿನ ಮೇಲೆ ಇದು ಎದ್ದು ಕಾಣುತ್ತದೆ. ಇದಕ್ಕೆ ಮೇಲಿನಿಂದ ಬಣ್ಣ ಹಚ್ಚಿ ಮುಚ್ಚಲು ಹೋಗಬೇಡಿ. ಒಣ ದಿನ ಬರುವವರೆಗೆ ಕಾದು ಅದೇ ವಾರ್ನಿಶ್ಶಿನ ತೆಳು ಕೋಟು ಹೊಡೆದರೆ ಹಳೆಯ ಪದರ ಮೆತ್ತಗಾಗಿ ತೇವ ಹೊರಬೀಳುತ್ತದೆ, ಮುಸುಕು ಬಹುಮಟ್ಟಿಗೆ ಹೋಗುತ್ತದೆ. ತೇವಾಂಶ ತೋರಿಸುವ ಪುಟ್ಟ ಡಿಜಿಟಲ್ ಮೀಟರು ಒಂದಿರಲಿ. ಶೇಕಡಾ 60ರ ಮೇಲಿದ್ದರೆ ಡಬ್ಬಿ ಮುಟ್ಟದಿರುವುದು ಒಳ್ಳೆಯದು. ದೀಪಾವಳಿಯಿಂದ ಯುಗಾದಿವರೆಗಿನ ದಿನಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದವು, ಅದರಲ್ಲೂ ಇಬ್ಬನಿ ಪೂರ್ತಿ ಆರಿದ ಮೇಲೆ, ಬೆಳಿಗ್ಗೆ 11ರಿಂದ ಸಂಜೆ 4ರೊಳಗೆ. ಅಡಿಕೆ ಡ್ರೈಯರಿನಲ್ಲಿಟ್ಟು ಬೇಗ ಒಣಗಿಸುವ ಆಸೆ ಬಂದರೆ ಅದನ್ನು ಅಲ್ಲೇ ಬಿಡಿ: ಕಾಗದ ಒಮ್ಮೆಲೇ ಕುಗ್ಗಿ ಸಂದುಗಳು ಸೀಳುತ್ತವೆ. ಒಲೆ ಉರಿಯುವ ಮನೆಯೊಳಗೆ ಸ್ಪ್ರೇ ಹೊಡೆಯುವುದು ಬೆಂಕಿಗೆ ಆಹ್ವಾನ.

ಮಳೆಗಾಲದಲ್ಲಿ ಸುಮ್ಮನಿರಬೇಕೆಂದಲ್ಲ. ಕತ್ತರಿಸುವುದು, ಅಂಚಿಗೆ ಬಣ್ಣ, ಗಾಲಿ ಜೋಡಣೆ, ಚೈನಿನ ಕೊಂಡಿ ಅಂಟಿಸುವುದು ಎಲ್ಲ ಆಗ ಮಾಡಬಹುದು. ಫೆವಿಕ್ವಿಕ್ ಥರದ ಅಂಟಿನ ಮೇಲೆ ಮಾತ್ರ ಕಣ್ಣಿರಲಿ. ಅದು ಗಟ್ಟಿಯಾಗುವುದೇ ತೇವದಿಂದ. ಒದ್ದೆ ಗಾಳಿಯ ಮುಚ್ಚಿದ ಕೋಣೆಯಲ್ಲಿ ಅದರ ಆವಿ ಪಕ್ಕದ ಕಡು ಬಣ್ಣದ ಮೇಲೆ ಬಿಳಿ ಪುಡಿಯಾಗಿ ಕೂರುತ್ತದೆ. ಕಿಟಕಿ ತೆರೆದು, ಸೂಜಿಮೊನೆಯಲ್ಲಿ ತೆಗೆದುಕೊಂಡಷ್ಟೇ ಹಚ್ಚಿ.

ಬಿಳಿ ಅಂಚು

160 ಜಿಎಸ್‌ಎಂ ಕಾಗದ ಹೆಚ್ಚುಕಡಿಮೆ 0.2 ಮಿ.ಮೀ. ದಪ್ಪ. ಬಣ್ಣ ಹಚ್ಚದೆ ಬಿಟ್ಟ ಅಂಚು ಅಸಲಿ ಟ್ಯಾಂಕಿನ ಲೆಕ್ಕದಲ್ಲಿ 5 ಮಿ.ಮೀ. ಅಗಲದ ಸುಣ್ಣದ ಗೆರೆ. ಎಷ್ಟೇ ಒಳ್ಳೆಯ ವೆದರಿಂಗ್ ಮಾಡಿದರೂ ಕಣ್ಣು ಮೊದಲು ಹೋಗುವುದು ಅಲ್ಲಿಗೇ.

ಅಂಚಿಗೆ ಬಣ್ಣ ಅಂಟಿಸುವ ಮುಂಚೆಯೇ ಆಗಬೇಕು, ಫೆವಿಕಾಲ್ ತಾಗಿದ ಜಾಗ ಆಮೇಲೆ ಜಲವರ್ಣ ಹಿಡಿಯುವುದಿಲ್ಲ. ಆಲಿವ್ ಹಸಿರಿಗೆ ಯೆಲ್ಲೊ ಓಕರ್ ಪೋಸ್ಟರ್ ಬಣ್ಣ 3 ಪಾಲು, ಕಪ್ಪು 1 ಪಾಲು ಬೆರೆಸಿ, ಅಲ್ಲಿಂದ ಹಾಳೆಯ ಬಣ್ಣಕ್ಕೆ ತಕ್ಕಂತೆ ಸ್ಯಾಪ್ ಗ್ರೀನ್ ಸೇರಿಸುತ್ತ ಹೋಗಿ. ಕತ್ತರಿಸಿದ ನಾರು ಮೇಲ್ಮೈಗಿಂತ ಹೆಚ್ಚು ಬಣ್ಣ ಕುಡಿಯುವುದರಿಂದ ಅಂಚು ಕಪ್ಪಾಗಿ ಕಾಣುತ್ತದೆ. ಮಿಶ್ರಣ ಅರ್ಧ ಪಟ್ಟು ತಿಳಿಯಾಗಿರಲಿ. ಅದೇ ಹಾಳೆಯ ಕತ್ತರಿಸಿ ಬಿಟ್ಟ ಚೂರಿಗೆ ಹಚ್ಚಿ, ಆರಿದ ಮೇಲೆ ಹಗಲು ಬೆಳಕಿನಲ್ಲಿ ಹೋಲಿಸಿ. ಎಲ್‌ಇಡಿ ಬಲ್ಬಿನ ಕೆಳಗೆ ಸರಿಹೊಂದಿದ ಹಸಿರು ಜಗಲಿಗೆ ತಂದರೆ ಬೇರೆಯೇ ಆಗಿರುವುದುಂಟು. ಸೊನ್ನೆ ನಂಬರ್ ಬ್ರಷ್ಷನ್ನು ಬಟ್ಟೆಗೆ ಒರೆಸಿ ಬಹುತೇಕ ಒಣಗಿಸಿಕೊಂಡು ಹಾಳೆಯ ಹಿಂಬದಿಯಿಂದ ಅಂಚಿನತ್ತ ಎಳೆಯಿರಿ. ಹೆಚ್ಚಾದ ಬಣ್ಣ ಹಿಂದೆಯೇ ಉಳಿಯುತ್ತದೆ. ಸ್ಪಿರಿಟ್ ಮಾರ್ಕರ್‌ಗಳು ಅನುಕೂಲವೆನಿಸಿದರೂ ನಾರಿನೊಳಗೆ ಹರಿದು ಮುಂಬದಿಯಲ್ಲಿ 1-2 ಮಿ.ಮೀ. ಕಲೆ ಮಾಡುತ್ತವೆ. ಅಭ್ಯಾಸವಿಲ್ಲದವರಿಗೆ ಬಣ್ಣದ ಪೆನ್ಸಿಲ್ಲೇ ವಾಸಿ.

ರಟ್ಟಿನ ಗಾಲಿಗಳ ದಪ್ಪ ಅಂಚಿಗೆ ಬೇರೆ ದಾರಿ. ಫೆವಿಕ್ವಿಕ್ ಕುಡಿಸಿ, ಗಟ್ಟಿಯಾದ ಮೇಲೆ 400 ನಂಬರಿನ ಉಪ್ಪುಕಾಗದದಲ್ಲಿ ಉಜ್ಜಿ, ಅಕ್ರಿಲಿಕ್ ಹಚ್ಚಿ. ಅಲ್ಲಿ ಜಲವರ್ಣ ನಿಲ್ಲುವುದಿಲ್ಲ, ಮೈ ಆಗಲೇ ಪ್ಲಾಸ್ಟಿಕ್ ಆಗಿರುತ್ತದೆ.

ದೂಳು ಯಾವ ಊರಿನದು?

ಮಲೆನಾಡಿನವರ ಕೈಗೆ ಸುಲಭವಾಗಿ ಸಿಗುವುದು ಕೆಮ್ಮಣ್ಣು. ಸಾಗರದ ಕಡೆಯ ಹಸೆ ಚಿತ್ತಾರದ ಗೋಡೆಗೆ ಬಳಿಯುವುದೂ ಇದೇ. ಪುಕ್ಕಟೆ ಸಿಗುವ ಅಚ್ಚುಕಟ್ಟಾದ ವರ್ಣದ್ರವ್ಯ ನಿಜ, ಆದರೆ ಎಲ್ಲ ಟ್ಯಾಂಕಿಗೂ ಇದನ್ನೇ ಬಳಿದರೆ ಗಾಡಿ ಎಲ್ಲಿ ಓಡಿತ್ತೆಂಬುದೇ ಸುಳ್ಳಾಗುತ್ತದೆ. 1971ರ ಡಿಸೆಂಬರಿನಲ್ಲಿ ರಾಜಸ್ಥಾನದ ಲೊಂಗೆವಾಲಕ್ಕೆ ಬಂದ ಪಾಕಿಸ್ತಾನದ ಟಿ-59 ಟ್ಯಾಂಕುಗಳ ಮೇಲಿದ್ದದ್ದು ಥಾರ್ ಮರುಭೂಮಿಯ ಮಾಸಲು ಹಳದಿ ಮರಳು. ಅದೇ ವರ್ಷ ನವೆಂಬರಿನಲ್ಲಿ ಗರೀಬ್‌ಪುರದಲ್ಲಿ ಕಾದಾಡಿದ ಭಾರತದ ಪಿಟಿ-76 ಟ್ಯಾಂಕುಗಳಿಗೆ ಮೆತ್ತಬೇಕಾದದ್ದು ಬಂಗಾಳದ ನದಿಬಯಲಿನ ಬೂದುಗಂದು ಮೆಕ್ಕಲು. ಕೆಂಪು ಸಲ್ಲುವ ಕಡೆಗಳೂ ಇವೆ. ವಿಯೆಟ್ನಾಮಿನ ನಡುಗುಡ್ಡಗಳಲ್ಲಿ ಓಡಿದ ಅಮೆರಿಕದ ಎಂ48 ಟ್ಯಾಂಕು, ಸೈನಿಕರನ್ನು ಸಾಗಿಸುವ ಎಂ113. 1987ರಲ್ಲಿ ಭಾರತದ ಶಾಂತಿಪಾಲನಾ ಪಡೆಯೊಂದಿಗೆ ಜಾಫ್ನಾಕ್ಕೆ ಹೋದ ಟಿ-72. ಬೆಳಗಾವಿಯ ಸುತ್ತ ಓಡಾಡುತ್ತಿದ್ದ ಸೇನೆಯ ಶಕ್ತಿಮಾನ್ ಲಾರಿ, ಜೋಂಗಾ ಜೀಪು. ಇವುಗಳಿಗೆ ಕೆಮ್ಮಣ್ಣು ಧಾರಾಳವಾಗಿ ಒಪ್ಪುತ್ತದೆ.

ಮಣ್ಣನ್ನು ಜರಡಿ ಹಿಡಿದು ಎರಚಿದರೆ ಆಗದು. 0.1 ಮಿ.ಮೀ. ಕಣ 1:25ರಲ್ಲಿ 2.5 ಮಿ.ಮೀ. ಹರಳು. ಅದು ದೂಳಲ್ಲ, ಜಲ್ಲಿ. ಹೀಗೆ ಮಾಡಿ: ಒಣ ಹೆಂಟೆಯನ್ನು ಕುಟ್ಟಿ, ಉದ್ದನೆಯ ಗಾಜಿನ ಲೋಟದಲ್ಲಿ 10 ಸೆಂ.ಮೀ. ನೀರು ಹಾಕಿ ಚೆನ್ನಾಗಿ ಕದಡಿ. 5 ನಿಮಿಷ ಅಲುಗಾಡಿಸದೆ ಬಿಡಿ. ಮರಳು, ದಪ್ಪ ಕಣಗಳು ತಳ ಸೇರುತ್ತವೆ. ಮೇಲಿನ ಕೆಂಪು ನೀರನ್ನಷ್ಟೇ ಬೇರೆ ಪಾತ್ರೆಗೆ ಬಗ್ಗಿಸಿ. ಅದರಲ್ಲಿ ಉಳಿದ ಕಣಗಳು ಸುಮಾರು 20 ಮೈಕ್ರಾನಿಗಿಂತ ಚಿಕ್ಕವು, ಅಂದರೆ ಅಳತೆಯಲ್ಲಿ ಅರ್ಧ ಮಿ.ಮೀ. ಒಳಗಿನವು. ಒಂದೆರಡು ದಿನ ಬಿಟ್ಟು ತಿಳಿನೀರು ಚೆಲ್ಲಿ, ತಳದ ಕೆನೆಯನ್ನು ತಟ್ಟೆಯಲ್ಲಿ ಬಿಸಿಲಿಗೆ ಒಣಗಿಸಿ, ಸಣ್ಣ ಉರಿಯಲ್ಲಿ ಹಳೆಯ ಬಾಣಲೆಯ ಮೇಲೆ ಬಿಸಿ ಮಾಡಿ ಅರೆದಿಟ್ಟುಕೊಳ್ಳಿ. ಬಿಸಿ ಮಾಡುವುದು ಬೂಷ್ಟಿನ ಬೀಜ ಸಾಯಲಿ ಅಂತ. ಉರಿ ಜೋರಾದರೆ ಹಳದಿ ಮಿಶ್ರಿತ ಮಣ್ಣು ಇನ್ನಷ್ಟು ಕೆಂಪಾಗುತ್ತದೆ, ಅದರಲ್ಲಿರುವ ಕಬ್ಬಿಣದ ಸಂಯುಕ್ತ ನೀರು ಕಳೆದುಕೊಂಡು ಬದಲಾಗುವುದೇ ಕಾರಣ. ಎರಡು ಬಗೆಯ ಕೆಂಪು ಬೇಕಿದ್ದವರಿಗೆ ಇದು ಲಾಭವೇ. ಒಂದು ಟ್ಯಾಂಕಿಗೆ ಕಾಲು ಚಮಚ ಪುಡಿ ಸಾಕು.

ಬೂದು ಬಣ್ಣಕ್ಕೆ ಒಲೆಯ ಬೂದಿ ಬಳಸುವ ಯೋಚನೆ ಹಲವರಿಗೆ ಬರುತ್ತದೆ. ಬೇಡ. ಸೌದೆಯ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಇರುತ್ತದೆ. ಅದು ಗಾಳಿಯಿಂದ ತೇವ ಎಳೆದು ಮಾದರಿ ಮೇಲೆ ಒದ್ದೆ ಕಲೆ ಮಾಡುತ್ತದೆ. ಬಂಗಾಳದ ಮೆಕ್ಕಲಿಗೆ ಬೂದು, ಕಂದು ಸಾಫ್ಟ್ ಪೇಸ್ಟಲ್ ಕಡ್ಡಿಗಳನ್ನು ಉಪ್ಪುಕಾಗದಕ್ಕೆ ತಿಕ್ಕಿದ ಪುಡಿ ಸಾಕು. ಥಾರ್ ಮರಳಿಗೆ ಓಕರ್ ಮತ್ತು ಬಿಳಿ ಪೇಸ್ಟಲ್. ಎಣ್ಣೆ ಪೇಸ್ಟಲ್ ಅಲ್ಲ, ಅದು ಕಾಗದಕ್ಕೆ ಜಿಡ್ಡಿನ ಕಲೆ ಮಾಡುತ್ತದೆ.

ದೂಳು ಎಲ್ಲೆಲ್ಲಿ ಕೂರುತ್ತದೆಂದು ನೋಡಲು ಕೊಡಚಾದ್ರಿಗೆ ಜನ ಸಾಗಿಸುವ ಜೀಪುಗಳಿಗಿಂತ ಒಳ್ಳೆಯ ಪಾಠ ಬೇಕಿಲ್ಲ. ಗಾಲಿಯ ಹಿಂದೆ ಮೇಲ್ಮುಖವಾಗಿ ಸಿಡಿದ ಬೀಸಣಿಗೆಯಾಕಾರ, ಬಾಗಿಲ ಹಿಡಿಯ ಸುತ್ತ ಕೈ ತಾಗಿ ಸವೆದು ಚೊಕ್ಕವಾದ ಜಾಗ, ಬೋಲ್ಟಿನ ಬುಡದಲ್ಲಿ ಉಳಿದ ಪುಡಿ, ಒಣಗಿದ ಹಳೆಯ ಕೆಸರಿನ ಮೇಲೆ ಹೊಸ ಕಪ್ಪು ಕೆಸರು. ಟ್ಯಾಂಕಿನಲ್ಲೂ ಹಾಗೆಯೇ. ಕೆಳಗಿನ ಹಲ್ ಮತ್ತು ಮಡ್‌ಗಾರ್ಡ್ ಮೇಲೆ ದಟ್ಟ, ಸಿಬ್ಬಂದಿ ಹತ್ತಿಳಿಯುವ ದಾರಿಯಲ್ಲಿ ತೆಳು, ಟರೆಟ್ಟಿನ ಲಂಬ ಗೋಡೆಯಲ್ಲಿ ಬಹುತೇಕ ಇಲ್ಲ. ಸ್ಮಾರಕಗಳಲ್ಲಿ ನಿಲ್ಲಿಸಿದ ಟ್ಯಾಂಕುಗಳನ್ನು ಆಕಾರ ನೋಡಲು ಬಳಸಿ, ಬಣ್ಣ ನೋಡಲು ಬೇಡ. ಅವಕ್ಕೆ ಹೊಳೆಯುವ ಎನಾಮಲ್ ಬಳಿಯುತ್ತಲೇ ಇರುತ್ತಾರೆ.

ಪುಡಿಯನ್ನು ಮೆದು ಬ್ರಷ್ಷಿನಲ್ಲಿ ಮ್ಯಾಟ್ ಮೈಗೆ ಉಜ್ಜಿ, ಹೆಚ್ಚಾದದ್ದನ್ನು ಊದಿ. ಬಾಯಿಂದಲ್ಲ, ಉಗುಳು ಸಿಡಿದರೆ ಡೈ ಶಾಯಿ ಕೆಡುತ್ತದೆ. ರಬ್ಬರ್ ಬಲ್ಬು ಬಳಸಿ. ಮೇಲಿಂದ ವಾರ್ನಿಶ್ ಹೊಡೆದರೆ ಪುಡಿಯ ಬಣ್ಣ ಅರ್ಧಕ್ಕರ್ಧ ಮಾಯವಾಗುತ್ತದೆ, ಕಣಗಳ ನಡುವಿನ ಗಾಳಿಯ ಜಾಗಕ್ಕೆ ವಾರ್ನಿಶ್ ಹೊಕ್ಕು ಬೆಳಕು ಚದುರುವುದು ನಿಲ್ಲುತ್ತದೆ. ಕೈ ತಾಗುವ ಕಡೆ ಮಾತ್ರ ಬ್ರಷ್ ತುದಿಯಿಂದ ಒಂದು ಹನಿ ಟರ್ಪೆಂಟೈನ್ ಮುಟ್ಟಿಸಿ ಕೂರಿಸಿ. ಉಳಿದದ್ದನ್ನು ಹಾಗೇ ಬಿಡುವುದು ಲೇಸು.

ಕೆಸರಿಗೆ ಪುಡಿ 2 ಪಾಲು, ಮ್ಯಾಟ್ ಅಕ್ರಿಲಿಕ್ ಮೀಡಿಯಂ 1 ಪಾಲು, ಚಿಟಿಕೆ ನುಣ್ಣನೆ ಮರದ ಹೊಟ್ಟು. ದೋಸೆ ಹಿಟ್ಟಿಗಿಂತ ಗಟ್ಟಿಯಿರಲಿ, ನೀರು ಸೇರಿಸಬೇಡಿ. ಒಂದು ಪದರಕ್ಕೆ ಅರ್ಧ ಮಿ.ಮೀ. ಮೀರದಂತೆ ಹಚ್ಚಿ, ಪೂರ್ತಿ ಆರಿದ ಮೇಲೆ ಮುಂದಿನದು. ಒಂದೇ ಸಲ 2 ಮಿ.ಮೀ. ಬಳಿದರೆ ಅದು ಅಸಲಿಯಲ್ಲಿ 5 ಸೆಂ.ಮೀ. ಕೆಸರಾಯಿತು, ಜೊತೆಗೆ ಆರುವಾಗ ಎಳೆದು ತೆಳು ಭಾಗವನ್ನು ಬಗ್ಗಿಸುತ್ತದೆ. ಕೆಳಗಿನ ಪದರ ತಿಳಿ ಬಣ್ಣದ್ದು, ಮೇಲಿನದು ಸ್ವಲ್ಪ ಕಪ್ಪು, ಅದರಲ್ಲೂ ಒಂದೆರಡು ಕಡೆ ಹೊಳೆಯುವ (ಗ್ಲಾಸಿ) ವಾರ್ನಿಶ್ ಚುಕ್ಕೆ ಇಟ್ಟರೆ ಹಸಿ ಕೆಸರಾಗುತ್ತದೆ.

ಚೈನು, ತುಕ್ಕು, ಉಕ್ಕಿನ ಹೊಳಪು

ಹೊಸಬರು ಚೈನಿಗೆ ಬೆಳ್ಳಿ ಬಣ್ಣ ಹೊಡೆಯುತ್ತಾರೆ, ಇಲ್ಲವೇ ಅಪ್ಪಟ ಕಪ್ಪು. ಓಡುವ ಟ್ಯಾಂಕಿನ ಚೈನು ಎರಡೂ ಅಲ್ಲ. ಬರ್ನ್ಟ್ ಅಂಬರಿಗೆ ಕಪ್ಪು ಬೆರೆಸಿದ ಅಕ್ರಿಲಿಕ್ ತಳಕ್ಕೆ, ಅದು ಆರಿದ ಮೇಲೆ ಕಂದು-ಕಿತ್ತಳೆ ಪೇಸ್ಟಲ್ ಪುಡಿಯನ್ನು ಟರ್ಪೆಂಟೈನಿನಲ್ಲಿ ಕದಡಿ ಸಂದುಗಳಿಗೆ. ಟರ್ಪೆಂಟೈನ್ ನೀರಿನಂತೆ ನಾರನ್ನು ಉಬ್ಬಿಸುವುದಿಲ್ಲ. ಕಾಗದದ ಮೇಲೆ ಅದರ ಬಳಕೆ ಹೆಚ್ಚಿರುವುದು ಇದಕ್ಕೇ. ಆಮೇಲೆ ಕೆಸರು, ವಾರ್ನಿಶ್, ಎಲ್ಲದರ ಕೊನೆಗೆ 6ಬಿ ಪೆನ್ಸಿಲ್. ಪೆನ್ಸಿಲ್ ಹೊಳಪಿನ ಮೇಲೆ ಮ್ಯಾಟ್ ವಾರ್ನಿಶ್ ಬಿದ್ದರೆ ಮಾಡಿದ್ದೆಲ್ಲ ವ್ಯರ್ಥ.

ಪೆನ್ಸಿಲ್ ಎಲ್ಲಿ ಎಳೆಯಬೇಕೆಂಬುದು ಗಾಡಿಯ ಮೇಲೆ ನಿಂತಿದೆ. ನೆಲಕ್ಕೆ ತಾಗುವ ಉಬ್ಬು, ಚೈನು ಎಳೆಯುವ ಹಲ್ಲುಗಾಲಿಯ ಹಲ್ಲುಗಳು, ಗಾಲಿಗಳ ನಡುವೆ ಓಡುವ ಕೊಂಬುಗಳು ಹೊಳೆಯುತ್ತವೆ. ಚೈನಿನ ಒಳಮೈ ಮಾತ್ರ ಗಾಡಿಯಿಂದ ಗಾಡಿಗೆ ಬೇರೆ. ಸೋವಿಯತ್ ಟಿ-55 ಟ್ಯಾಂಕಿನ ಒಂದೊಂದು ಬದಿಯ ಐದು ಗಾಲಿಗಳಿಗೂ ರಬ್ಬರ್ ಟೈರಿದೆ, ಹಾಗಾಗಿ ಗಾಲಿ ಉರುಳುವ ಪಟ್ಟಿ ನುಣುಪಾಗಿ ಕಪ್ಪಗಿರುತ್ತದೆ. ಅದಕ್ಕೂ ಹಳೆಯ ಸೋವಿಯತ್ ಕೆವಿ, ಐಎಸ್-2 ಟ್ಯಾಂಕುಗಳಲ್ಲಿ ಉಕ್ಕಿನ ಅಂಚಿನ ಗಾಲಿಗಳು, ಅಲ್ಲಿ ಅದೇ ಪಟ್ಟಿ ಕನ್ನಡಿಯಾಗುತ್ತದೆ.

ತುಕ್ಕಿನ ವಿಷಯದಲ್ಲಿ ಕೈ ಬಿಗಿ ಇರಲಿ. ಸೇವೆಯಲ್ಲಿರುವ ಟ್ಯಾಂಕಿನ ಮೈಗೆ ಬಣ್ಣದ ರಕ್ಷಣೆಯಿದೆ. ಕೆಂಪಗಾಗುವುದು ಚೈನು, ಸೈಲೆನ್ಸರ್, ಎಳೆಯುವ ಉಕ್ಕಿನ ಹಗ್ಗ. ಎಂ113ರ ಮೈಯೇ ಅಲ್ಯೂಮಿನಿಯಂ. ಅದಕ್ಕೆ ಕೆಂಪು ತುಕ್ಕು ಇಳಿಸಿದರೆ ಗೊತ್ತಿರುವವರು ನಗುತ್ತಾರೆ. ಟಿ-55ರ ಹೊಗೆಕಿಂಡಿ ಎಡ ಮಡ್‌ಗಾರ್ಡ್ ಮೇಲಿದೆ, ಮಸಿಯೂ ಎಡಕ್ಕೇ ಇರಬೇಕು. ಕಪ್ಪು ಪೇಸ್ಟಲ್ ಕಿಂಡಿಯ ಬಾಯಲ್ಲಿ ದಟ್ಟವಾಗಿ, ಹಿಂದಕ್ಕೆ ಹೋದಂತೆ ತೆಳುವಾಗಿ.

ಬಿಸಿಲು, ನೀರಿನ ಗೆರೆ, ಚಕ್ಕೆ

ಮಾಸಲುತನಕ್ಕೆ ಅಡ್ಡ ಮೈಗಳಿಗೆ ತಿಳಿ ಹಳದಿ-ಬೂದು ಪೇಸ್ಟಲ್ ಉಜ್ಜಿ. ಲಂಬ ಮೈಗಳನ್ನು ಹಾಗೇ ಬಿಟ್ಟರೆ ವ್ಯತ್ಯಾಸ ತಾನಾಗಿ ಕಾಣುತ್ತದೆ.

ಸಂದುಗಳಿಗೆ ಕಪ್ಪು ಇಳಿಸುವ ವಾಶ್‌ಗೆ ಆಯಿಲ್ ಬಣ್ಣ. ಟ್ಯೂಬಿನಿಂದ ಮೊದಲು ರಟ್ಟಿನ ಚೂರಿನ ಮೇಲೆ ಹಿಂಡಿ ಒಂದು ಗಂಟೆ ಬಿಡಿ, ಅಗಸೆ ಎಣ್ಣೆಯನ್ನು ರಟ್ಟು ಕುಡಿಯುತ್ತದೆ. ಆ ಎಣ್ಣೆ ಮಾದರಿಗೆ ಹೋದರೆ ಹೊಳೆಯುವ ಪಾರದರ್ಶಕ ಕಲೆಯಾಗಿ ಶಾಶ್ವತವಾಗಿ ಉಳಿಯುತ್ತದೆ. 1 ಪಾಲು ಬಣ್ಣಕ್ಕೆ 10 ಪಾಲು ಟರ್ಪೆಂಟೈನ್. ಮೊದಲು ಕಾಣದ ಕಡೆ ಒಂದು ಹನಿ ಬರೀ ಟರ್ಪೆಂಟೈನ್ ಇಟ್ಟು ನೋಡಿ. ಕಾಗದ ಕಪ್ಪಗಾಗಿ ಹಿಂಬದಿಗೆ ಇಳಿದರೆ ವಾರ್ನಿಶ್ ಸಾಲದು, ಇನ್ನೊಂದು ಕೋಟು ಬೇಕು. ವಾಶ್ ಇಡೀ ಮೈಗೆ ಬಳಿಯುವಂಥದ್ದಲ್ಲ. ಬೋಲ್ಟಿನ ಬುಡ, ಮುಚ್ಚಳದ ಸುತ್ತ, ಬೆಸುಗೆಯ ಗೆರೆ, ಅಷ್ಟಕ್ಕೇ. ಅರ್ಧ ಆರಿದಾಗ ಒಣ ಬ್ರಷ್ಷಿನಿಂದ ಕೆಳಮುಖವಾಗಿ ಎಳೆದರೆ ಮಳೆ ನೀರಿನ ಗೆರೆ ಮೂಡುತ್ತದೆ. ಗೆರೆ ಯಾವಾಗಲೂ ಒಂದು ಅಂಚಿನಿಂದ, ಬೋಲ್ಟಿನಿಂದ ಹೊರಡಬೇಕು. ಬಯಲಿನ ನಡುವೆ ಹುಟ್ಟಿದ ಗೆರೆಗೆ ಅರ್ಥವಿಲ್ಲ.

ಬಣ್ಣ ಎದ್ದ ಚಕ್ಕೆಗಳಿಗಾಗಿ ಅಚ್ಚನ್ನು ಕೆರೆಯಬೇಡಿ, ಕೆಳಗಿಂದ ಬರುವುದು ಉಕ್ಕಲ್ಲ, ಬಿಳಿ ಕಾಗದ. ಚೂಪಾದ ಕಡುಗಂದು ಪೆನ್ಸಿಲ್ ಸಾಕು. 2 ಮಿ.ಮೀ. ಚುಕ್ಕೆ ಅಸಲಿಯಲ್ಲಿ 5 ಸೆಂ.ಮೀ. ಗಾಯ. ಅಂಥದ್ದು ಇಡೀ ಗಾಡಿಗೆ ಒಂದೆರಡಿರಲಿ, ಉಳಿದವು ಅರ್ಧ ಮಿ.ಮೀ. ಒಳಗೆ. ಮುಚ್ಚಳದ ಅಂಚು, ಹತ್ತುವ ಮೆಟ್ಟಿಲು, ಸಲಕರಣೆ ಪೆಟ್ಟಿಗೆಯ ಮೂಲೆ, ಇಷ್ಟು ಕಡೆ.

ಮುಂದಿನ ಜೂನ್‌ಗೆ

ಮುಗಿದ ಮಾದರಿಯನ್ನು ಗಾಳಿಯಾಡದ ಮುಚ್ಚಳವಿರುವ ಪಾರದರ್ಶಕ ಡಬ್ಬಿಯಲ್ಲಿಟ್ಟು ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಬಣ್ಣ ಬದಲಿಸುವ ಹರಳಾದರೆ ಯಾವಾಗ ಮತ್ತೆ ಬಿಸಿ ಮಾಡಿ ಒಣಗಿಸಬೇಕೆಂದು ಗೊತ್ತಾಗುತ್ತದೆ. ಮೈದಾ ಅಂಟು ಬಳಸಿದ್ದರೆ ಜಿರಳೆ ಹುಡುಕಿಕೊಂಡು ಬರುತ್ತದೆ, ಹಾಗಾಗಿ ಮೊದಲಿಂದಲೇ ಫೆವಿಕಾಲ್ ಒಳ್ಳೆಯದು. ಬೂಷ್ಟು ಹಿಡಿದೇಬಿಟ್ಟರೆ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಒರೆಸಿದಷ್ಟೂ ಹರಡುತ್ತದೆ. ಹವೆ ಒಣಗಿದ ದಿನ ಅಂಗಳಕ್ಕೆ ತಂದು, ಮೂಗಿಗೆ ಮಾಸ್ಕ್ ಹಾಕಿಕೊಂಡು, ಒಣ ಬ್ರಷ್ಷಿನಲ್ಲಿ ತೆಗೆದು, ಎರಡು ದಿನ ಸಿಲಿಕಾ ಜೆಲ್ ಜೊತೆ ಮುಚ್ಚಿಟ್ಟು, ಆಮೇಲೆ ತೆಳು ಮ್ಯಾಟ್ ಕೋಟು ಹೊಡೆಯಿರಿ. ಬಿಸಿಲಿಗೆ ಇಡುವುದಾದರೆ ಅಡಿಕೆ ಚಪ್ಪರದ ನೆರಳಲ್ಲಿ. ನೇರ ಬಿಸಿಲಿಗೆ ಡೈ ಶಾಯಿಯ ಹಸಿರು ಬೇಗ ಬಿಳಚಿಕೊಳ್ಳುತ್ತದೆ.